ಉಪ್ಪು, ಮೈಲುತುತ್ತು ಮತ್ತು ಒಂದು ಬೆಡ್‌ಫೋರ್ಡ್ ಲಾರಿ

ಹಳೆಯ ಕಾರುಗಳಿಗೆ ಇರುವ ಅದೃಷ್ಟ ತೋಟದ ಲಾರಿಗಳಿಗೆ ಇಲ್ಲ. ಕಾರನ್ನು ಮಾಡಿನಡಿಯಲ್ಲಿ ನಿಲ್ಲಿಸಿ ಒರೆಸುತ್ತಾರೆ; ಲಾರಿಯನ್ನು ಓಡುವಷ್ಟು ದಿನ ಓಡಿಸಿ, ನಿಂತ ಮರುದಿನ ಗುಜರಿಗೆ ಕೊಡುತ್ತಾರೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಕಾರುಗಳನ್ನು ನೋಡುವಾಗಲೆಲ್ಲ, ಅಡಿಕೆ ಮೂಟೆ ಹೊತ್ತ ಗಾಡಿಗಳು ಎಲ್ಲಿ ಹೋದವು ಎಂದು ನಾನು ಯೋಚಿಸುತ್ತಿದ್ದೆ. ಮಂಗಳೂರಿನಲ್ಲಿ ಮೂವತ್ತು ವರ್ಷ ಲಾರಿಗಳಿಗೆ ಬಾಡಿ ಕಟ್ಟಿದವನಿಗೆ ಆ ಯೋಚನೆ ಬರುವುದು ಸಹಜವೇ.

ಉಡುಪಿ ಸಮೀಪದ ಒಂದು ಖಾಸಗಿ ಸಂಗ್ರಹದವರು 2018ರಲ್ಲಿ ನನ್ನನ್ನು ಕರೆಸಿ, ಕಾರ್ಕಳ ಕಡೆಯ ತೋಟವೊಂದರಿಂದ ದಾನವಾಗಿ ಬಂದಿದ್ದ ಬೆಡ್‌ಫೋರ್ಡ್ ಲಾರಿಯನ್ನು ತೋರಿಸಿದರು. ಅದು ‘ಓ’ ಸರಣಿಯದು: 1939ರಲ್ಲಿ ಬಂದು, ಯುದ್ಧದ ಕಾರಣ ನಿಂತು, 1945ರಲ್ಲಿ ಮತ್ತೆ ತಯಾರಾಗತೊಡಗಿದ ಮಾದರಿ, 3519 ಸಿ.ಸಿ.ಯ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಇದು 1948ರ ಗಾಡಿ. ದಕ್ಷಿಣ ಕನ್ನಡ ಆಗಿನ್ನೂ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಹೊಳೆಯುವಂತೆ ಮಾಡಿಕೊಡಿ ಎಂದು ಅವರು ಕೇಳಿದರು, ನಾನೂ ಒಪ್ಪಿದೆ. ಮೊದಲ ತಪ್ಪು ಅಲ್ಲೇ ಆಯಿತು.

ಎಡಬದಿಯ ಬಾಗಿಲಿಗೆ ತಂತಿ ಬ್ರಷ್ ಹಾಕಿ ಅರ್ಧ ಗಂಟೆ ಉಜ್ಜಿದ ಮೇಲೆ, ತುಕ್ಕಿನೊಂದಿಗೆ ಬಿಳಿ ಬಣ್ಣದ ಅಕ್ಷರಗಳೂ ಉದುರುತ್ತಿರುವುದು ಕಂಡಿತು. ಕೈಯಿಂದ ಬರೆದ ತೋಟದ ಹೆಸರಿನ ಕೊನೆಯ ಮೂರಕ್ಷರಗಳಷ್ಟೇ ಉಳಿದವು. ಬಲಬಾಗಿಲಿನಲ್ಲಿ ಅದೇ ಹೆಸರು ಪೂರ್ತಿಯಾಗಿ ಇದ್ದುದರಿಂದ ಓದಲು ಕಷ್ಟವಾಗಲಿಲ್ಲ, ಆದರೆ ಹೋದದ್ದು ಹೋಯಿತು. ಅಂದೇ ಬ್ರಷ್ ಬದಿಗಿಟ್ಟು, ಬಣ್ಣ ಬಳಿಯುವ ಮಾತನ್ನು ಬಿಟ್ಟು, ಇರುವುದನ್ನು ಇದ್ದಂತೆ ನಿಲ್ಲಿಸುವ ಕೆಲಸವೆಂದು ಅವರಿಗೂ ತಿಳಿಸಿ ಒಪ್ಪಿಸಿದೆ.

ಇದ್ದಂತೆ ನಿಲ್ಲಿಸುವುದೆಂದರೆ ಸುಲಭವಲ್ಲವೆಂದು ತಿಳಿದದ್ದು ಹಲಗೆಗಳನ್ನು ಬಿಚ್ಚಿದಾಗ. ಬಾಡಿಯ ತಳಕ್ಕೆ ದೋಣಿ ಕಟ್ಟುವ ಹೆಬ್ಬಲಸಿನ ಹಲಗೆಗಳನ್ನು ಹಾಸಿದ್ದರು. ಅವುಗಳ ಮೇಲೆ ಅಲ್ಲಲ್ಲಿ ನೀಲಿ-ಹಸಿರು ಕಲೆಗಳು, ಕೆಳಗಿನ ಬೋಲ್ಟುಗಳ ಮೇಲೆ ತೆಳುವಾದ ಕೆಂಪು ಪದರ. ಅಡಿಕೆ ತೋಟ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟನ್ನು ಸುಣ್ಣದೊಂದಿಗೆ ಬೆರೆಸಿದ ಬೋರ್ಡೋ ದ್ರಾವಣ ಸರಿಯಾಯಿತೋ ಎಂದು ನೋಡಲು ಅದರಲ್ಲಿ ಚೂರಿಯನ್ನು ಅದ್ದುತ್ತೇವಲ್ಲ. ಅಲಗು ಕೆಂಪಾದರೆ ಸುಣ್ಣ ಸಾಲದೆಂದು ಅರ್ಥ. ಕಬ್ಬಿಣ ಕರಗಿ, ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಈ ದ್ರಾವಣ ಬಿಡುವ ಪದ್ಧತಿಯನ್ನು ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ 1910ರ ಸುಮಾರಿಗೆ ರೂಢಿಗೆ ತಂದರು. ಅದಕ್ಕೆ ಬೇಕಾದ ಮೈಲುತುತ್ತನ್ನು ಮಳೆಗಾಲಕ್ಕೆ ಮೊದಲು ತೋಟಕ್ಕೆ ಸಾಗಿಸುತ್ತಿದ್ದ ಈ ಲಾರಿಯ ಬೋಲ್ಟುಗಳು, ಪ್ರತಿ ವರ್ಷವೂ ಆ ಚೂರಿಯ ಪರೀಕ್ಷೆಗೆ ಒಳಗಾಗಿದ್ದವು.

ಅದಕ್ಕಿಂತ ಕೆಟ್ಟದ್ದು ಉಪ್ಪು. ಲಾರಿಯನ್ನು ಹದಿನೇಳು ವರ್ಷ ಓಡಿಸಿದ್ದ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋದಾಗ ಅವರು ನಕ್ಕು, “ಬೂತಾಯಿ ಹೇರಿದ ಲಾರಿ ಅಲ್ವಾ ಮಾರಾಯ್ರೆ, ಉಪ್ಪು ಇಲ್ಲದೆ ಇರ್ತದಾ?” ಎಂದರು. ಮೀನು ಹೇರಳವಾಗಿ ಸಿಕ್ಕ ವರ್ಷಗಳಲ್ಲಿ ಒಣಗಿಸಿದ ಬೂತಾಯಿಯನ್ನು ಕಡಲ ತೀರದಿಂದ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಒಯ್ಯುತ್ತಿದ್ದರು. ಹಾಗಾದರೆ ಲಾರಿಯ ತಳದ ಉಕ್ಕಿನ ಚೌಕಟ್ಟಾದ ಚಾಸಿಯೊಳಗೆ ಸೇರಿದ್ದ ಉಪ್ಪು ಈ ಗಾಡಿಯ ಚರಿತ್ರೆಯೂ ಹೌದು, ಅದನ್ನು ತಿನ್ನುತ್ತಿದ್ದ ರೋಗವೂ ಹೌದು. ಕಲೆಯನ್ನು ಉಳಿಸುವುದು, ಉಪ್ಪನ್ನು ತೆಗೆಯುವುದು ಎಂದು ನಾನು ನಿರ್ಧರಿಸಿದೆ. ಇದಕ್ಕಿಂತ ಒಳ್ಳೆಯ ದಾರಿ ನನಗೆ ಇಂದಿಗೂ ಹೊಳೆದಿಲ್ಲ.

ತೊಳೆಯುವ ಕೆಲಸಕ್ಕೆ ಜನವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳನ್ನೇ ಆರಿಸಿಕೊಂಡೆ. ಮೊದಲು ಬಾವಿಯ ನೀರು, ಆಮೇಲೆ ಬ್ಯಾಟರಿಗೆ ಹಾಕುವ ಶುದ್ಧ ನೀರು. ಪ್ರತಿ ಸಲ ಇಳಿದು ಬಂದ ನೀರನ್ನು ಒಂದಿಷ್ಟು ಹಿಡಿದು, ಪರಿಚಯದ ರಸಾಯನಶಾಸ್ತ್ರದ ಅಧ್ಯಾಪಕರಲ್ಲಿಗೆ ಒಯ್ಯುತ್ತಿದ್ದೆ. ಅವರು ಅದಕ್ಕೆ ನೈಟ್ರಿಕ್ ಆಮ್ಲದ ಎರಡು ಹನಿ, ಬಳಿಕ ಸಿಲ್ವರ್ ನೈಟ್ರೇಟ್ ಹಾಕುತ್ತಿದ್ದರು. ಉಪ್ಪಿದ್ದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಹತ್ತನೆಯ ತೊಳೆತದವರೆಗೂ ಅದು ಬೆಳ್ಳಗಾಗುತ್ತಲೇ ಇತ್ತು. ಹದಿನಾಲ್ಕನೆಯದಕ್ಕೆ ತಿಳಿಯಾಯಿತು.

ಬಾಗಿಲ ಹಿಡಿಕೆ, ಕೊಂಡಿಗಳಂಥ ಸಣ್ಣ ಭಾಗಗಳನ್ನು ವಾಷಿಂಗ್ ಸೋಡಾದ ನೀರಿನಲ್ಲಿಟ್ಟು, ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿಯನ್ನು ಅವಕ್ಕೂ ಪಾಸಿಟಿವ್ ತಂತಿಯನ್ನು ಒಂದು ಕಬ್ಬಿಣದ ತುಂಡಿಗೂ ಕೊಟ್ಟು ತುಕ್ಕು ಬಿಡಿಸಿದೆ. ಆ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಬಾರದು. ಅದರ ಕ್ರೋಮಿಯಂ ಕರಗಿ ನೀರು ವಿಷವಾಗುತ್ತದೆ. ಸ್ಪ್ರಿಂಗ್ ಪ್ಲೇಟುಗಳನ್ನೂ ಈ ತೊಟ್ಟಿಗೆ ಇಳಿಸಬಾರದು, ಗಡಸು ಉಕ್ಕು ಹೈಡ್ರೋಜನ್ ಹೀರಿ ಪೆಡಸಾಗುತ್ತದೆ.

ಉಳಿದ ತುಕ್ಕಿಗೆ ಟ್ಯಾನಿಕ್ ಆಮ್ಲ ಹಚ್ಚಿದರೆ ಅದು ಕಪ್ಪು ಪದರವಾಗಿ ಗಟ್ಟಿಯಾಗುತ್ತದೆ. ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಲ್ಲಿಯೂ ಟ್ಯಾನಿನ್ ಇದೆಯಲ್ಲ ಎಂಬ ಆಸೆಯಿಂದ, ನಮ್ಮದು ಬೇಯಿಸದೆ ಒಣಗಿಸುವ ಚಾಲಿ ಅಡಿಕೆಯಾದ್ದರಿಂದ ತೀರ್ಥಹಳ್ಳಿ ಕಡೆಯಿಂದ ಒಂದು ಕ್ಯಾನ್ ಚೊಗರು ತರಿಸಿ ಗುಜರಿ ತಗಡಿನ ಮೇಲೆ ಬಳಿದು ನೋಡಿದೆ. ತಗಡು ಕಪ್ಪಾಯಿತು, ಆದರೆ ಆಷಾಢದಲ್ಲಿ ಬೂಸಲೂ ಬಂತು. ಅಂಗಡಿಯ ಶುದ್ಧ ಪುಡಿಯೇ ಸರಿಯೆಂದು ಒಪ್ಪಿಕೊಂಡು, ಅದರ ಮೇಲೆ ಮೇಣ ಹಚ್ಚಿದೆ.

ತಿರುಗದಂತೆ ಹಿಡಿದುಕೊಂಡಿದ್ದ ಎಂಜಿನ್‌ಗೆ ಪ್ಲಗ್‌ಗಳ ತೂತುಗಳಿಂದ ಸೀಮೆಎಣ್ಣೆ ಬೆರೆಸಿದ ಆಯಿಲ್ ಬಿಟ್ಟು ಐದು ವಾರ ಕಾದೆವು. ಬಳಿಕ ಎಂಜಿನ್ ತಿರುಗಿಸಲು ಹ್ಯಾಂಡಲ್ ಹೊಡೆಯುವಾಗ, ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಡಬೇಕೆಂದು ಆ ಹಿರಿಯರು ನನ್ನ ಕೈ ಹಿಡಿದು ತೋರಿಸಿದರು. ಎಂಜಿನ್ ಹಿಂದಕ್ಕೆ ಒದ್ದರೆ, ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ. ಅವರದು ಒಮ್ಮೆ ಮುರಿದಿತ್ತು.

ನೀಲಿ ಕಲೆಯ ಹಲಗೆಗಳು ಮತ್ತೆ ಅದೇ ಜಾಗದಲ್ಲಿವೆ. ಅವುಗಳಿಗೂ ಚಾಸಿಗೂ ನಡುವೆ ಪ್ಲಾಸ್ಟಿಕ್ ಪಟ್ಟಿಗಳಿವೆ. ಹೊಸ ಬೋಲ್ಟುಗಳ ತಲೆಯ ಮೇಲೆ 2019 ಎಂದು ಕೊರೆಸಿದ್ದೇನೆ, ಮುಂದಿನವರು ಅವನ್ನು ಹಳೆಯವೆಂದು ತಿಳಿಯಬಾರದು. ಪೆಟ್ರೋಲ್ ಖಾಲಿ ಮಾಡಿ, ಟಯರುಗಳ ಮೇಲೆ ಭಾರ ಬೀಳದಂತೆ ಗಾಡಿಯನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ್ದೇವೆ. ಕಳೆದ ಆಟಿ ತಿಂಗಳಲ್ಲಿ ಎಡಗಡೆಯಲ್ಲಿ, ಚಾಸಿಯ ಅಡ್ಡಪಟ್ಟಿಯಾದ ಎರಡನೆಯ ಕ್ರಾಸ್ ಮೆಂಬರಿನ ಮೂಲೆಯಲ್ಲಿ ಕಂದು ಹನಿಗಳು ಮತ್ತೆ ಜಿನುಗಿದವು. ಮೀನಿನ ಉಪ್ಪು ಅಲ್ಲಿ ಇನ್ನೂ ಇದೆ. ಮಳೆ ಮುಗಿದ ಮೇಲೆ ಆ ಭಾಗದ ಹಲಗೆಯನ್ನು ಎತ್ತಿ ಹದಿನೈದನೆಯ ಬಾರಿ ತೊಳೆಯಬೇಕು.