ಸೊಂಟದಲ್ಲಿ ರಿವಾಲ್ವರ್ ಇಟ್ಟುಕೊಳ್ಳುವವರಿಗೆ

ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಅಪ್ಪ ಹೋದ ಮೇಲೆ ಶನಿವಾರದ ಬಟವಾಡೆ ನನ್ನ ತಲೆಗೆ ಬಂತು. ಬ್ಯಾಂಕಿನಿಂದ ದುಡ್ಡು ತಂದು, ಕಾಡುದಾರಿಯಲ್ಲಿ ಒಬ್ಬಳೇ ಜೀಪು ಓಡಿಸಬೇಕು. ಲೈಸೆನ್ಸ್ ಮಾಡಿಸಿ .32 ರಿವಾಲ್ವರ್ ತಗೊಂಡೆ. ಈಗ ಪರಿಚಯದ ಹೆಣ್ಣುಮಕ್ಕಳು "ಅಕ್ಕಾ, ಯಾವುದು ತಗೊಳ್ಳಲಿ?" ಅಂತ ಕೇಳುತ್ತಾರೆ.

ನಾನು ಹೇಳೋದು ಒಂದೇ. ಖಾಲಿ ಇದೆಯೋ ಇಲ್ಲವೋ ಅಂತ ನಿಮ್ಮ ಕಣ್ಣಿಗೆ ಥಟ್ಟನೆ ಕಾಣುವಂಥದ್ದನ್ನು ತಗೊಳ್ಳಿ.

ಇದಕ್ಕೆ ಕಾರಣ ಇದೆ. ನಮ್ಮ ನೆಂಟರೊಬ್ಬರ ಮನೆಯಲ್ಲಿ ಪಿಸ್ತೂಲ್ ಇತ್ತು. ಅವರು ಮ್ಯಾಗಜೀನ್, ಅಂದರೆ ಗುಂಡು ತುಂಬುವ ಡಬ್ಬಿ, ತೆಗೆದು ಮೇಜಿನ ಮೇಲಿಟ್ಟು, "ಈಗ ಖಾಲಿ" ಅಂತ ಟ್ರಿಗರ್ ಎಳೆದರು. ನಳಿಗೆಯ ಹಿಂದೆ ಒಂದು ಗುಂಡು ಉಳಿದಿತ್ತು. ಅದು ಮೂಲೆಯ ಅಕ್ಕಿ ಮೂಟೆಗೆ ಹೊಕ್ಕಿತು. ತೂತಿನಿಂದ ಅಕ್ಕಿ ಸಣ್ಣಗೆ ಸುರಿಯುತ್ತಲೇ ಇತ್ತು, ಯಾರಿಗೂ ಮಾತು ಹೊರಡಲಿಲ್ಲ. ಐದು ನಿಮಿಷದ ಹಿಂದೆ ಅದೇ ಮೂಟೆಗೆ ಒರಗಿಕೊಂಡು ಮಗು ಆಡುತ್ತಿತ್ತು.

ಪಿಸ್ತೂಲಿನಲ್ಲಿ ಮ್ಯಾಗಜೀನ್ ತೆಗೆದರೆ ಸಾಲದು. ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಹಿಂದಕ್ಕೆಳೆದು ಒಳಗೆ ನೋಡಲೇಬೇಕು. ನಮ್ಮ ಕಾನ್ಪುರದ .32 ರಿವಾಲ್ವರ್ ಹಾಗಲ್ಲ. ಅಪ್ಪನ ಜೋಡು ನಳಿಗೆ ಕೋವಿಯ ಹಾಗೆ ನಡುವೆ ಮಡಚಿ, ಅಂದರೆ 'ಮುರಿದು', ತೆರೆಯುತ್ತದೆ, ಗುಂಡು ಕೂರುವ ಆರೂ ಮನೆ ಎದುರಿಗೇ ಕಾಣುತ್ತವೆ. ಅಪ್ಪ ಕೋವಿ ಮುರಿದ ಮೇಲೂ ನಳಿಗೆಯೊಳಗೆ ಕಿರುಬೆರಳು ಇಳಿಸಿ ನೋಡುತ್ತಿದ್ದರು. ನಾನೂ ಆರು ಮನೆಗೂ ಬೆರಳಿಟ್ಟು ಎಣಿಸುತ್ತೇನೆ. ಕರೆಂಟ್ ಹೋದಾಗಲೂ ಈ ಲೆಕ್ಕ ತಪ್ಪಲ್ಲ.

ತೂಕ ಕಮ್ಮಿ ಇದ್ದರೆ ಒಳ್ಳೇದು ಅನ್ನೋರು ಜಾಸ್ತಿ. 2014ರಲ್ಲಿ ಬಂದ ನಿರ್ಭೀಕ್ ಅನ್ನೋ ರಿವಾಲ್ವರ್ ಸುಮಾರು ಅರ್ಧ ಕಿಲೋ. ಹೊರೋಕೆ ಸುಲಭ, ನಿಜ. ಆದರೆ ಹಗುರವಾದಷ್ಟೂ ಹೊಡೆದಾಗ ಕೈ ಜಾಸ್ತಿ ಎಗರುತ್ತದೆ. ಅಂಗಡಿಯಲ್ಲಿ ಖಾಲಿ ಮಾಡಿಸಿ ಕೈಯಲ್ಲಿ ಹಿಡಿದು ನೋಡಿ. ಹಿಡಿ ಅಂಗೈಗೆ ಕೂರಬೇಕು, ತೋರುಬೆರಳು ಎಳೆದಾಡದೆ ಟ್ರಿಗರ್ ಮುಟ್ಟಬೇಕು. 9 ಎಂಎಂ ಆಸೆ ಬಿಡಿ, ಅದು ನಿಷೇಧಿತ ಬೋರ್, ಅಂದರೆ ಸಾಮಾನ್ಯ ಲೈಸೆನ್ಸಿಗೆ ಸಿಗದ ನಳಿಗೆ ಅಳತೆ.

ಹೊತ್ತುಕೊಳ್ಳೋದು ಹೇಗೆ? 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಹೊರಗೆ ಹೋದಾಗ ಅದು ಹೋಲ್‌ಸ್ಟರ್ ಅನ್ನೋ ಒರೆಯಲ್ಲೋ ಅಂಥ ಚೀಲದಲ್ಲೋ ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು. ಕೈಚೀಲ ನನಗೆ ಸರಿ ಬರಲಿಲ್ಲ. ಚೀಲವನ್ನು ಬ್ಯಾಂಕಿನ ಬೆಂಚಿನ ಮೇಲೆ ಇಡ್ತೀವಿ, ಮಗು ಚಾಕ್ಲೇಟ್ ಹುಡುಕಿ ಕೈ ಹಾಕುತ್ತೆ, ಬೀಗದ ಕೈ ಟ್ರಿಗರಿಗೆ ಸಿಕ್ಕಿಕೊಳ್ಳುತ್ತೆ. ಈಗ ಸಡಿಲ ಕುರ್ತಾ, ಒಳಗೆ ಗಟ್ಟಿ ಬೆಲ್ಟ್, ಟ್ರಿಗರ್ ಪೂರ್ತಿ ಮುಚ್ಚುವ ಹೋಲ್‌ಸ್ಟರ್. ಸುಮ್ನೆ ಸೊಂಟಕ್ಕೆ ಸಿಕ್ಕಿಸಿಕೊಳ್ಳೋದು ಬೇಡವೇ ಬೇಡ. ಒಳಗೆ ಇಡುವಾಗ ಅವಸರ ಮಾಡಬೇಡಿ. ಕುರ್ತಾದ ಅಂಚು ಸರಿಸಿ, ಕಣ್ಣಿಟ್ಟು ನೋಡಿ, ಬೆರಳು ಟ್ರಿಗರಿನಿಂದ ಹೊರಗಿಟ್ಟು ನಿಧಾನಕ್ಕೆ ಇಳಿಸಿ. ಖಾಲಿ ಇದ್ದರೂ ನಳಿಗೆ ಯಾರ ಕಡೆಗೂ, ನಿಮ್ಮ ಕಾಲಿನ ಕಡೆಗೂ ತಿರುಗಬಾರದು.

ಮದುವೆಮನೆಗೆ ನಾನು ಒಯ್ಯಲ್ಲ. ಖುಷಿಗೆ ಗಾಳಿಯಲ್ಲಿ ಹೊಡೆದು ಜನರಿಗೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಕುಡಿಯುವ ಜಾಗಕ್ಕಂತೂ ಹತ್ತಿರ ಕೂಡ ತರಬಾರದು. ಚುನಾವಣೆ ಬಂದಾಗ ಠಾಣೆಯವರು ಹೇಳಿದರೆ ಒಯ್ದು ಕೊಟ್ಟು ರಸೀದಿ ಇಸ್ಕೊಳ್ಳಿ.

ಮನೆಗೆ ಬಂದ ಕೂಡಲೇ ಗುಂಡು ಬೇರೆ ಪೆಟ್ಟಿಗೆ, ರಿವಾಲ್ವರ್ ಬೇರೆ ಪೆಟ್ಟಿಗೆ, ಎರಡಕ್ಕೂ ಬೀಗ. ಮಳೆಗಾಲದಲ್ಲಿ ಚರ್ಮದ ಹೋಲ್‌ಸ್ಟರ್‌ನಲ್ಲೇ ಬಿಡಬೇಡಿ. ಚರ್ಮ ತೇವ ಹಿಡಿಯುತ್ತೆ, ಬೆವರಿನ ಉಪ್ಪೂ ಸೇರುತ್ತೆ. ನಮ್ಮ ಆಷಾಢದ ಮಳೆಗೆ ಎರಡೇ ದಿನದಲ್ಲಿ ತುಕ್ಕಿನ ಕೆಂಪು ಚುಕ್ಕೆ ಬರುತ್ತೆ. ಒಣಬಟ್ಟೆಯಲ್ಲಿ ಒರೆಸಿ, ಗನ್ ಆಯಿಲ್ ತೆಳ್ಳಗೆ ಸವರಿ, ಹೋಲ್‌ಸ್ಟರ್ ಬೇರೆ ಕಡೆ ಗಾಳಿಗೆ ತೂಗುಹಾಕಿ.