ಮೂರೇ ವೈರು, ಎರಡು ದಿನದ ಪರದಾಟ

"ಬ್ರಷ್‌ಲೆಸ್ ಮೋಟಾರಿಗೆ ಇರೋದು ಮೂರೇ ವೈರು. ಹೇಗೆ ಸಿಕ್ಕಿಸಿದರೂ ತಿರುಗುತ್ತೆ ಸಾರ್" ಎಂದಿದ್ದರು ಅಂಗಡಿಯವರು. ಸುಳ್ಳೇನಲ್ಲ. ಆದರೆ ನನ್ನದು ತಿರುಗಲಿಲ್ಲ, ಚಳಿಜ್ವರ ಬಂದವರ ಹಾಗೆ ನಡುಗಿತು.

ರಿಮೋಟಿನಲ್ಲಿ ಹಾರಿಸುವ ಫೋಮ್ ಬೋರ್ಡಿನ ಪುಟ್ಟ ವಿಮಾನಕ್ಕೆಂದು ಬೆಂಗಳೂರಿನ ಎಸ್.ಪಿ. ರೋಡಿನಿಂದ 2212 ಅಳತೆಯ ಮೋಟಾರು ತಂದಿದ್ದೆ. 1000 ಕೆವಿಯದು. ಕೆವಿ ಅಂದರೆ ಕಿಲೋವೋಲ್ಟ್ ಅಲ್ಲ, ಲೋಡ್ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋ ಲೆಕ್ಕ. ಮೂರು ಸೆಲ್ಲಿನ ಲಿಪೋ ಬ್ಯಾಟರಿ 11.1 ವೋಲ್ಟಿನದು. ಅಂದರೆ ಹೆಚ್ಚುಕಡಿಮೆ 11,100 ಸುತ್ತು! ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಪ್ರೊಪೆಲರ್ ಬಿಚ್ಚಿಟ್ಟೇ ಮಾಡಬೇಕು. ಬೆರಳಿನ ಮೇಲೆ ಆಸೆ ಇದ್ದರೆ.

ಮೋಟಾರಿನ ವೈರು ಉದ್ದ ಜಾಸ್ತಿ ಅನ್ನಿಸಿ ಮೂರನ್ನೂ ಒಂದೊಂದು ಇಂಚು ಕತ್ತರಿಸಿದೆ. ವೈರಿನ ತುದಿಗೆ ಹಾಕುವ 3.5 ಎಂಎಂ ಬುಲೆಟ್ ಕನೆಕ್ಟರನ್ನು ಮತ್ತೆ ಬೆಸುಗೆ ಹಾಕಿದೆ. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಗೆ ಸಿಕ್ಕಿಸಿ, ಅದರ ಮೂರೆಳೆಯ ಸಣ್ಣ ವೈರನ್ನು ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿನ ಥ್ರಾಟಲ್ (ವೇಗದ) ಚಾನೆಲ್ಲಿಗೆ ಹಾಕಿದೆ. ಬ್ಯಾಟರಿಯ ಕೆಂಪು, ಕಪ್ಪು ಮಾತ್ರ ಎರಡೆರಡು ಸಲ ನೋಡಿದೆ. ಅಲ್ಲಿ ಅದಲುಬದಲಾದರೆ ಇಎಸ್‌ಸಿ ಸುಟ್ಟಿತೆಂದೇ ಲೆಕ್ಕ.

ಥ್ರಾಟಲ್ ಏರಿಸಿದೆ. ಟಕ್ ಟಕ್ ಟಕ್. ಇಷ್ಟೇ.

ಇಎಸ್‌ಸಿ ಕೆಟ್ಟಿದೆ ಅಂದುಕೊಂಡು ಮರುದಿನ ಇನ್ನೊಂದು ತಂದೆ. ಅದರಲ್ಲೂ ಅದೇ ನಡುಕ. ಆಗ ಮೋಟಾರಿನ ಮೇಲೆ ಅನುಮಾನ ಬಂತು. ಮಲ್ಟಿಮೀಟರನ್ನು, ಸಂಪರ್ಕ ಇದ್ದರೆ ಕೂಗುವ ಬೀಪ್ ಮೋಡಿಗೆ ತಿರುಗಿಸಿ ಬುಲೆಟ್‌ಗಳನ್ನು ಎರಡೆರಡಾಗಿ ಮುಟ್ಟಿಸಿದೆ. ಮೋಟಾರಿನ ಒಳಗೆ ಮೂರೂ ಸೇರಿಕೊಂಡಿರುವುದರಿಂದ ಯಾವ ಎರಡನ್ನು ಮುಟ್ಟಿದರೂ ಕೂಗಬೇಕು. ಒಂದು ಜೋಡಿ ಮಾತ್ರ ಕೂಗಿತು. ಮೂರನೇ ವೈರು ಸೇರಿದ ಕೂಡಲೇ ಮೌನ.

ಆ ಬುಲೆಟನ್ನು ಕಾಯಿಸಿ ಎಳೆದೆ. ಸುಮ್ನೆ ಜಾರಿ ಬಂತು. ಬೆಸುಗೆಯ ಸೀಸವೆಲ್ಲ ಬುಲೆಟ್ಟಿನೊಳಗೇ ಉಂಡೆಯಾಗಿ ಕೂತಿತ್ತು, ತಾಮ್ರಕ್ಕೆ ಒಂದು ಹನಿಯೂ ಅಂಟಿರಲಿಲ್ಲ. ಕಾರಣ ಇಷ್ಟೇ: ಈ ಮೋಟಾರಿನಲ್ಲಿ ಒಳಗೆ ಸುತ್ತಿದ ತಂತಿಯೇ ವೈರಾಗಿ ಹೊರಗೆ ಬಂದಿತ್ತು. ಅದರ ಪ್ರತಿ ಎಳೆಗೂ ಕರೆಂಟನ್ನೂ ಬೆಸುಗೆಯನ್ನೂ ತಡೆಯುವ ಎನಾಮಲ್ ಲೇಪ ಇರುತ್ತದೆ. ಕಂಪನಿಯವರು ಲೇಪ ತೆಗೆದಿದ್ದ ತುದಿಯನ್ನೇ ನಾನು ಕತ್ತರಿಸಿ ಬಿಸಾಕಿದ್ದೆ! ಉಳಿದೆರಡು ವೈರಿನಲ್ಲಿ ಕೆಲವು ಎಳೆ ಹೇಗೋ ಹಿಡಿದಿದ್ದವು, ಅಷ್ಟೇ.

ಮೂರನ್ನೂ ಬಿಚ್ಚಿದೆ. ಎಳೆಗಳನ್ನು ಬೀಸಣಿಗೆ ಥರ ಹರಡಿ, ಬ್ಲೇಡಿನಿಂದ ಮೆಲ್ಲಗೆ ಕೆರೆದು, ಮರಳುಕಾಗದದಿಂದ ಉಜ್ಜಿದೆ. ಕಂದು ಬಣ್ಣ ಹೋಗಿ ಹೊಸ ತಾಮ್ರದ ಗುಲಾಬಿ ಹೊಳಪು ಕಾಣುವವರೆಗೆ ಬಿಡಲಿಲ್ಲ. ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್ ಸವರಿ ಮುಟ್ಟಿಸಿದರೆ ಸೀಸ ನೀರಿನಂತೆ ಎಳೆಗಳ ನಡುವೆ ಇಳಿಯಿತು. ಕಾಯಿಸಿದರೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಕೊಳವೆ ಹಾಕುವ ಮೊದಲೇ ಮತ್ತೆ ಮೀಟರ್ ಹಿಡಿದೆ. ಮೂರು ಜೋಡಿಯೂ ಕೂಗಿದವು.

ಈ ಸಲ ಮೋಟಾರು ಸುಯ್ಯೆಂದು ತಿರುಗಿತು, ಆದರೆ ಉಲ್ಟಾ. ಅದೇನು ದೊಡ್ಡದಲ್ಲ, ಮೂರರಲ್ಲಿ ಯಾವುದಾದರೂ ಎರಡು ವೈರು ಅದಲುಬದಲು ಮಾಡಿದರಾಯ್ತು. ಎರಡನೇ ಇಎಸ್‌ಸಿ ಮತ್ತೆ ಡಬ್ಬಿ ಸೇರಿದೆ. ಮನೆಯಲ್ಲಿ ಅದರ ಬೆಲೆ ಹೇಳಿಲ್ಲ.