ಕಿಲೋಮೀಟರಿಗೆ ಎಂಟಾಣೆ: ಟ್ರಯಥ್ಲಾನ್ ಮಾಡಿ ದೇಣಿಗೆ ಕೂಡಿಸಿದ ನನ್ನ ಅನುಭವ

ಸ್ಪರ್ಧೆ ಮುಗಿಸಿದರೆ ಇಷ್ಟು ಕೊಡಿ ಎಂದು ದೇಣಿಗೆ ಕೇಳಬಾರದು, ಈಜಿದಷ್ಟಕ್ಕೆ, ತುಳಿದಷ್ಟಕ್ಕೆ, ಓಡಿದಷ್ಟಕ್ಕೆ ಕೇಳಬೇಕು, ಅದರಲ್ಲಿ ಅಭ್ಯಾಸದ ದಿನಗಳೂ ಸೇರಬೇಕು ಎಂದು ನಾನು 2023ರಲ್ಲಿ ಮೈಸೂರಿನ ನಮ್ಮ ಸೈಕಲ್ ಬಳಗದಲ್ಲಿ ಹೇಳಿದಾಗ, ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಟ್ಟು, "ಪಾಸಾದ್ರೆ ಯಾರಾದ್ರೂ ಬಹುಮಾನ ಕೊಡ್ತಾರೆ, ಕೂತು ಓದಿದ್ದಕ್ಕೆಲ್ಲ ಕೊಡ್ತಾರೇನ್ರೀ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುವರ್ಷದ ಅಕ್ಟೋಬರ್ 27ರಂದು ಗೋವಾದ ಮೀರಾಮಾರ್ ಕಡಲತೀರದಲ್ಲಿ ಐರನ್‌ಮ್ಯಾನ್ 70.3 (1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟವನ್ನು ಒಂದೇ ದಿನ ಮುಗಿಸಬೇಕಾದ ಟ್ರಯಥ್ಲಾನ್) ಮುಗಿಸಿ ಬಂದು ಲೆಕ್ಕ ಹಾಕಿದರೆ, ಒಟ್ಟು ಎರಡು ಲಕ್ಷ ಅರವತ್ತು ಸಾವಿರದ ಆಸುಪಾಸು ಕೂಡಿತ್ತು. ಅದೇ ಹಿರಿಯರು ಈಗ ನನ್ನ ಲೆಕ್ಕದ ಹಾಳೆಯ ಪ್ರತಿ ಕೇಳಿದ್ದಾರೆ. ಒಬ್ಬರಿಗೆ ಕೊಡುವ ಬದಲು ಎಲ್ಲರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ದುಡ್ಡು ಹೋದದ್ದು ಉಪಶಮನ ಆರೈಕೆ ಮಾಡುವ ಒಂದು ಚಿಕ್ಕ ಟ್ರಸ್ಟಿಗೆ. ಹಾಸಿಗೆ ಹಿಡಿದವರ ಮನೆಗೇ ಅವರ ನರ್ಸ್ ಹೋಗಿ ಹುಣ್ಣು ತೊಳೆದು, ಪಟ್ಟಿ ಬದಲಾಯಿಸಿ ಬರುತ್ತಾರೆ. ನಮ್ಮ ತಂದೆಯವರ ಕೊನೆಯ ನಾಲ್ಕು ತಿಂಗಳು ನಮ್ಮ ಮನೆಗೂ ಬಂದಿದ್ದರು. ಪೆಟ್ರೋಲು, ಸಾಮಗ್ರಿ, ಸಂಬಳ ಸೇರಿ ಒಂದು ಭೇಟಿಗೆ ಏಳುನೂರು ರೂಪಾಯಿ ಬೀಳುತ್ತದೆ ಎಂದು ಅವರೇ ಹೇಳಿದ್ದರು.

ಮೊದಲು ಸೋತ ಕಥೆಯನ್ನು ಹೇಳಬೇಕು. 2022ರ ನವೆಂಬರ್ 13ರಂದು ಇದೇ ಸ್ಪರ್ಧೆಗೆ ಹೋಗಿದ್ದೆ. ಆಗ ಕೇಳಿದ ರೀತಿ ಎಲ್ಲರದ್ದೇ ಆಗಿತ್ತು: "ನಾನು ಮುಗಿಸಿದರೆ ನೀವು ಎಷ್ಟು ಕೊಡುತ್ತೀರಿ?" ಒಂದು ಲಕ್ಷ ಅರವತ್ತು ಸಾವಿರದಷ್ಟು ಮಾತು ಬಂದಿತ್ತು. ಸಮುದ್ರದಲ್ಲಿ 1.9 ಕಿಲೋಮೀಟರ್ ಈಜಲು 63 ನಿಮಿಷ ಹಿಡಿಯಿತು. 70 ನಿಮಿಷದ ಗಡುವಿಗೆ ಅದು ಸಾಕಿತ್ತು. ಆದರೆ ಸೈಕಲ್ಲಿನಲ್ಲಿ ಎರಡು ಬಾರಿ ಪಂಕ್ಚರ್ ಆಯಿತು, ಎರಡನೆಯ ಟ್ಯೂಬಿನ ವಾಲ್ವ್ ನನ್ನ ರಿಮ್ಮಿಗೆ ಗಿಡ್ಡವಾಗಿತ್ತು, ಬೇರೆಯವರಿಂದ ಟ್ಯೂಬ್ ಬೇಡಿ ಹಾಕಿಕೊಂಡು ತೊಂಬತ್ತು ಕಿಲೋಮೀಟರ್ ಮುಗಿಸುವಷ್ಟರಲ್ಲಿ ಐದೂವರೆ ಗಂಟೆಯ ಕಟ್-ಆಫ್ ದಾಟಿ ಹನ್ನೆರಡು ನಿಮಿಷವಾಗಿತ್ತು. ಸಮಯ ಅಳೆಯುವ ಚಿಪ್ಪನ್ನು ಕಾಲಿನಿಂದ ಬಿಚ್ಚಿಸಿಕೊಂಡು ನನ್ನನ್ನು ಸ್ಪರ್ಧೆಯಿಂದ ಹೊರಗಿಟ್ಟರು. ಊರಿಗೆ ಬಂದು ದೇಣಿಗೆ ಕೇಳಿದರೆ, ಒಬ್ಬರು ಯಾವ ಕುಹಕವೂ ಇಲ್ಲದೆ, "ಮುಗಿಸಿದ್ರೆ ಅಂದಿದ್ರಲ್ಲ ಸಾರ್, ಮುಗಿಸಲಿಲ್ಲವಲ್ಲ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕೈಗೆ ಬಂದದ್ದು ಇಪ್ಪತ್ಮೂರು ಸಾವಿರ. ನನಗಾದ ಖರ್ಚು ಐವತ್ತು ಸಾವಿರದ ಮೇಲೆ. ಸಾಲದ್ದಕ್ಕೆ, ಆ ಖರ್ಚಿನ ಒಂದು ಭಾಗವನ್ನು ದೇಣಿಗೆಯಿಂದಲೇ ಭರಿಸಿಕೊಳ್ಳುವುದಾಗಿ ಮನವಿಯಲ್ಲಿ ಪ್ರಾಮಾಣಿಕವಾಗಿ ಬರೆದಿದ್ದೆ. "ನಿಮ್ಮ ಗೋವಾ ಪ್ರವಾಸಕ್ಕೆ ನಾವ್ಯಾಕೆ ಕೊಡಬೇಕು?" ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು.

ಆ ವರ್ಷ ಮಾಡಿದ ಇನ್ನೊಂದು ಮೂರ್ಖತನವೆಂದರೆ ಹಣವನ್ನು ನನ್ನ ಖಾತೆಗೆ ಹಾಕಿಸಿಕೊಂಡು ಒಟ್ಟಿಗೆ ಟ್ರಸ್ಟಿಗೆ ಕಳಿಸಿದ್ದು. ಅವರ ಪುಸ್ತಕದಲ್ಲಿ ದಾನಿ ನಾನೊಬ್ಬನೇ ಆದೆ. ಉಳಿದವರ ಹೆಸರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಪಡೆಯಲು ಬೇಕಾದ 80ಜಿ ರಸೀದಿಯಾಗಲಿ, 10ಬಿಇ ಪ್ರಮಾಣಪತ್ರವಾಗಲಿ ಕೊಡಲು ಬರುವುದಿಲ್ಲ ಎಂದು ಅವರ ಲೆಕ್ಕಿಗರು ಕೈಚೆಲ್ಲಿಬಿಟ್ಟರು. ರಸೀದಿ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದವನು ನಾನು. ಎರಡನೆಯ ಸಲ ಪ್ರತಿಯೊಬ್ಬರೂ ಯುಪಿಐ ಮೂಲಕ ನೇರವಾಗಿ ಟ್ರಸ್ಟಿನ ಖಾತೆಗೇ ಹಾಕುವಂತೆ ಮಾಡಿದೆ. 80ಜಿಯ ಆಸೆ ತೋರಿಸುವುದನ್ನೂ ಬಿಟ್ಟೆ, ಏಕೆಂದರೆ ನನ್ನ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಹೊಸ ತೆರಿಗೆ ಪದ್ಧತಿಗೆ ಬಂದಿದ್ದರು, ಅದರಲ್ಲಿ ಆ ವಿನಾಯಿತಿಯೇ ಇಲ್ಲ. ಪ್ಯಾನ್ ನಂಬರ್ ಕೇಳಿದ ಕೂಡಲೇ ಹಿಂದೆ ಸರಿಯುವವರು ಎಷ್ಟು ಜನ ಎಂಬುದು ದೇಣಿಗೆ ಎತ್ತಿದವರಿಗೆ ಗೊತ್ತಿರುತ್ತದೆ. ಬೇಕು ಎಂದವರ ಪ್ಯಾನನ್ನು ಮಾತ್ರ ಪಡೆದೆವು. ನಗದು ತೆಗೆದುಕೊಳ್ಳಲೇ ಇಲ್ಲ.

2023ರಲ್ಲಿ ನಾನು ಗೋವಾಕ್ಕೆ ಹೋಗಲಿಲ್ಲ. ಕಚೇರಿಯ ಹನ್ನೊಂದು ಜನರನ್ನು ಒಪ್ಪಿಸಿ, ಭಾನುವಾರದ ದೂರದ ಸವಾರಿಗಳಿಗೆ ಮಾತ್ರ ಕಿಲೋಮೀಟರ್ ಲೆಕ್ಕ ಹಾಕಿ ಎರಡು ತಿಂಗಳು ಪ್ರಯೋಗ ಮಾಡಿದೆ. ಕಿಲೋಮೀಟರಿಗೆ ಎರಡು ರೂಪಾಯಿ ಎಂದಾಗ ಮೂವರು ಒಪ್ಪಿದರು, ಒಂದು ರೂಪಾಯಿ ಎಂದಾಗ ಐವರು. "ಎಂಟಾಣೆ" ಎಂಬ ಮಾತು ಬಾಯಿಂದ ಬಿದ್ದ ಕೂಡಲೇ ಹನ್ನೊಂದೂ ಜನ ನಕ್ಕು ಒಪ್ಪಿದರು. ದರ ಅಲ್ಲಿಗೆ ನಿಂತಿತು. ನಾಲ್ಕಾಣೆ ಕೊಡುವವರನ್ನೂ ಸೇರಿಸಿಕೊಂಡೆ.

2024ರ ಜೂನ್ ಒಂದರಿಂದ ನಿಜವಾದ ಲೆಕ್ಕ ಶುರುವಾಯಿತು. ಸೈಕಲ್ ಮತ್ತು ಓಟ ಇದ್ದದ್ದು ಇದ್ದಂತೆ, ಈಜು ಮಾತ್ರ ಒಂದಕ್ಕೆ ಹತ್ತು, ಅಂದರೆ ಒಂದು ಕಿಲೋಮೀಟರ್ ಈಜಿದರೆ ಬಿಲ್ಲಿನಲ್ಲಿ ಹತ್ತು ಕಿಲೋಮೀಟರ್. ಇಡೀ ಅವಧಿಗೆ ಐದು ಸಾವಿರ ಕಿಲೋಮೀಟರಿನ ಮೇಲ್ಮಿತಿ ಹಾಕಿದೆ; ಮಿತಿಯಿಲ್ಲದ ಮಾತಿಗೆ ಯಾರೂ ಸಹಿ ಹಾಕುವುದಿಲ್ಲ. ದಿನದ ಲೆಕ್ಕದಲ್ಲಿ ದಶಮಾಂಶವನ್ನು ಕೈಬಿಟ್ಟೆ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಗೆ ಒಟ್ಟಿಗೆ ಎರಡೂವರೆ ಸಾವಿರ ಕೇಳುವ ಬದಲು ತಿಂಗಳ ಒಂದನೇ ತಾರೀಖಿಗೆ, ಹಾಲಿನವನ ಚೀಟಿಯ ಹಾಗೆ, ಹೆಚ್ಚುಕಡಿಮೆ ಐನೂರು ರೂಪಾಯಿಯ ಬಿಲ್ ಕಳಿಸಿದೆ. ಹಾಲಿನ ಬಾಕಿ ಉಳಿಸಿಕೊಳ್ಳಲು ನಮ್ಮ ಜನ ಇಂದಿಗೂ ಹಿಂಜರಿಯುತ್ತಾರೆ. ಬಿಲ್ಲಿನ ಕೆಳಗೆ ನಾನು ಬರೆಯುತ್ತಿದ್ದ ಎರಡು ಸಾಲು ಏನು, ಮೊದಲ ಹತ್ತು ಜನರನ್ನು ಯಾವ ಕ್ರಮದಲ್ಲಿ ಕೇಳಿದೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಮುಂದಿನ ವರ್ಷವೂ ನಾನು ಇದೇ ಊರಿನಲ್ಲಿ ಕೇಳಬೇಕಾಗಿದೆ.

ಜುಲೈನಲ್ಲಿ ಎಲ್ಲವೂ ಕೈತಪ್ಪುವ ಹಾಗಾಗಿತ್ತು. ನಾನು ಹೋಗುತ್ತಿದ್ದ 50 ಮೀಟರ್ ಕೊಳವನ್ನು ಸ್ವಚ್ಛತೆಗೆ ಮುಚ್ಚಿದ್ದರಿಂದ ಎರಡು ವಾರ 25 ಮೀಟರಿನ ಇನ್ನೊಂದು ಕೊಳಕ್ಕೆ ಹೋದೆ, ಆದರೆ ಕೈಗಡಿಯಾರದಲ್ಲಿ ಕೊಳದ ಉದ್ದ ಬದಲಿಸುವುದನ್ನು ಮರೆತೆ. ಏಳು ಕಿಲೋಮೀಟರ್ ಈಜು ಹದಿನಾಲ್ಕಾಗಿ ದಾಖಲಾಯಿತು. ನನ್ನ ದಾನಿಗಳಲ್ಲಿ ನಿವೃತ್ತ ಲೆಕ್ಕಪತ್ರ ಅಧೀಕ್ಷಕರೊಬ್ಬರಿದ್ದರು. ಅವರು ಕೆಂಪು ಶಾಯಿಯ ಪೆನ್ನಿನಿಂದ ಗುರುತು ಮಾಡಿದ ಹಾಳೆಯ ಫೋಟೋ ಕಳಿಸಿ, "ಹದಿನೈದನೇ ತಾರೀಖಿನ ನಂತರ ತಮ್ಮ ವೇಗ ಇಮ್ಮಡಿಯಾಗಿದೆ, ಕಾರಣ ತಿಳಿಸುವುದು" ಎಂದು ಬರೆದರು. ಹೊಟ್ಟೆಯಲ್ಲಿ ತಣ್ಣೀರು ಸುರಿದಂತಾಯಿತು. ಆ ರಾತ್ರಿಯೇ ಎಲ್ಲರಿಗೂ ತಪ್ಪೊಪ್ಪಿಗೆ ಕಳಿಸಿ, ಎಂಟಾಣೆಯವರಿಗೆ ತಲಾ ಮೂವತ್ತೈದು ರೂಪಾಯಿಯನ್ನು ಮುಂದಿನ ಬಿಲ್ಲಿನಲ್ಲಿ ಕಳೆದೆ. ಇಡೀ ಐದು ತಿಂಗಳಲ್ಲಿ ನಾನು ಮಾಡಿದ ಅತ್ಯುತ್ತಮ ಪ್ರಚಾರ ಅದೇ ಆಯಿತೆಂದು ಕಾಣುತ್ತದೆ: ಆ ವಾರ ಕೇಳದೆಯೇ ಒಂಬತ್ತು ಜನ ಹೊಸದಾಗಿ ಸೇರಿಕೊಂಡರು. ಕೊನೆಯಲ್ಲಿ ಪಟ್ಟಿಯಲ್ಲಿದ್ದವರು 112, ಪೂರ್ತಿ ಕೊಟ್ಟವರು 97.

ಅಭ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೈಕಲ್ ಸುಮಾರು 3,600, ಓಟ 620, ಈಜು 70 ಕಿಲೋಮೀಟರ್ ಆಗಿತ್ತು. ನಲವತ್ತೆರಡು ಸಾವಿರಕ್ಕೆ ಕೊಂಡ ಹಳೆಯ ಅಲ್ಯೂಮಿನಿಯಂ ಸೈಕಲ್ಲೇ ಸಾಕಾಯಿತು. ಕಾರ್ಬನ್ ಸೈಕಲ್ಲಿನ ಹಲವರನ್ನು ಅದರಲ್ಲೇ ಹಿಂದಿಕ್ಕಿದ್ದೇನೆ ಎಂಬುದನ್ನು ಹೇಳದೆ ಇರಲಾರೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಸಮುದ್ರಕ್ಕೆ ಇಳಿಯುವಂತಿಲ್ಲವಾದ್ದರಿಂದ ಅಕ್ಟೋಬರ್ ಮೊದಲ ವಾರ ಮಂಗಳೂರಿನ ತಣ್ಣೀರುಬಾವಿ ಕಡಲತೀರದಲ್ಲಿ ಎರಡು ಬೆಳಗ್ಗೆ ಈಜಿದ್ದಷ್ಟೇ ಉಪ್ಪುನೀರಿನ ಅಭ್ಯಾಸ. ಕುತ್ತಿಗೆಗೆ ವ್ಯಾಸಲೀನ್ ಹಚ್ಚದೆ ಇಳಿದು ಚರ್ಮ ಕಿತ್ತುಕೊಂಡು ಬಂದದ್ದೂ ಅಲ್ಲಿಯೇ.

ಸ್ಪರ್ಧೆಯ ನಡುವೆ ಶಕ್ತಿಗಾಗಿ ನುಂಗುವ ಸಿಹಿ ಜೆಲ್‌ಗಳ ಬೆಲೆ ನೋಡಿ, ರಾಗಿ ಹುರಿಹಿಟ್ಟಿಗೆ ಬೆಲ್ಲ, ಉಪ್ಪು ಬೆರೆಸಿ ಬಾಟಲಿಯಲ್ಲಿ ಒಯ್ಯುವ ಪ್ರಯೋಗವನ್ನೂ ಮಾಡಿದೆ. ನಂಜನಗೂಡು ರಸ್ತೆಯಲ್ಲಿ ಬಾಟಲಿಯ ಬಾಯಿ ಕಟ್ಟಿಕೊಂಡಿತು. ಬಲವಾಗಿ ಹಿಂಡಿದಾಗ ಮುಚ್ಚಳವೇ ಹಾರಿ ಅಂಬಲಿ ಎದೆಯ ಮೇಲೆ ಸುರಿಯಿತು. ಕಡೆಗೆ ಉಳಿದದ್ದು ಬೆನ್ನಿನ ಜೇಬಿಗೆ ಹಿಡಿಸುವ ಏಲಕ್ಕಿ ಬಾಳೆ, ಬೀಜ ತೆಗೆದು ಉಪ್ಪು ಸವರಿದ ಖರ್ಜೂರ, ಮತ್ತು ಕೊನೆಯ ಓಟಕ್ಕೆಂದು ಎರಡು ಜೆಲ್.

ಸ್ಪರ್ಧೆಯ ದಿನ ನನ್ನ ಮನಸ್ಸು ನಿಶ್ಚಿಂತವಾಗಿತ್ತು, ಅದಕ್ಕೆ ಕಾರಣ ಲೆಕ್ಕವೇ. ಆ ದಿನದ ಒಟ್ಟು ಬೆಲೆ ತಲಾ ಅರವತ್ತೈದು ರೂಪಾಯಿ ಮಾತ್ರ. ಮತ್ತೆ ಪಂಕ್ಚರ್ ಆಗಿ ಹೊರಬಿದ್ದರೂ ಟ್ರಸ್ಟಿಗೆ ದೊಡ್ಡ ನಷ್ಟವಿರಲಿಲ್ಲ. ಈಜು 52 ನಿಮಿಷ, ಸೈಕಲ್ ಮೂರು ಗಂಟೆ ನಲವತ್ತು ನಿಮಿಷ, ಬಿಸಿಲಿನಲ್ಲಿ ಅರ್ಧ ನಡೆದು ಅರ್ಧ ಓಡಿ ಕೊನೆಯ ಹಂತಕ್ಕೆ ಎರಡು ಗಂಟೆ ಐವತ್ತು. ಎಂಟೂವರೆ ಗಂಟೆಯ ಗಡುವಿನಲ್ಲಿ ಐವತ್ತೈದು ನಿಮಿಷ ಉಳಿಸಿದೆ. ಅದೇ ದಿನ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರೂ ಅದನ್ನೇ ಮುಗಿಸಿ ಸುದ್ದಿಯಾದರು. ಅದರಿಂದ ಕೊನೆಯ ಬಿಲ್ಲಿನ ವಸೂಲಿ ಸಲೀಸಾಯಿತು. ಅಲ್ಲಿಯವರೆಗೆ ನಮ್ಮ ಬೀದಿಯ ಅಜ್ಜಿಯೊಬ್ಬರು ಐರನ್‌ಮ್ಯಾನ್ ಎಂದರೆ ಇಸ್ತ್ರಿ ಮಾಡುವವರ ಪಂದ್ಯ ಎಂದೇ ತಿಳಿದು ನಾಲ್ಕಾಣೆ ಒಪ್ಪಿಕೊಂಡಿದ್ದರು.

ಪ್ರವೇಶ ಶುಲ್ಕ, ಪ್ರಯಾಣ, ವಸತಿ ಸೇರಿ ಐವತ್ತೈದು ಸಾವಿರದಷ್ಟು ನನ್ನ ಜೇಬಿನಿಂದಲೇ ಹೋಯಿತು, ಈ ಸಲ ಅದನ್ನು ಮೊದಲ ಬಿಲ್ಲಿನಲ್ಲೇ ಬರೆದಿದ್ದೆ. ಕೂಡಿದ ಹಣದಲ್ಲಿ ಮುನ್ನೂರೆಪ್ಪತ್ತು ಮನೆಭೇಟಿಗಳಾಗುತ್ತವೆ ಎಂದು ಟ್ರಸ್ಟಿನವರು ತಿಳಿಸಿದರು. ನವೆಂಬರ್ ಮೊದಲ ವಾರ ಅಧೀಕ್ಷಕರಿಂದ ಕೊನೆಯ ಆಕ್ಷೇಪಣೆ ಬಂತು: ಓಟ 21.1 ಕಿಲೋಮೀಟರ್ ಇರುವಾಗ 21 ಎಂದು ಬಿಲ್ ಮಾಡಿದ್ದು ಸರಿಯಲ್ಲ, ಐದು ಪೈಸೆ ಬಾಕಿ ಇದೆ. ಟ್ರಸ್ಟಿನ ಖಾತೆಗೆ ಒಂದು ರೂಪಾಯಿ ಹಾಕಿದ್ದೇನೆ, ತೊಂಬತ್ತೈದು ಪೈಸೆಯನ್ನು ಮುಂದಿನ ಸಾಲಿಗೆ ಜಮಾ ತೋರಿಸುವುದು ಎಂದು ಬರೆದಿದ್ದರು. ಹೊಸ ಹಾಳೆಯ ಮೊದಲ ಸಾಲಿನಲ್ಲಿ ಅದನ್ನು ಏರಿಸಿದ್ದೇನೆ.